ಭಾಷೋಪಾಧ್ಯಾಯರ ಶಿಕ್ಷಣ

ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಹೋಗುವ ಮಾರ್ಗದಲ್ಲಿ, ಮಲೆನಾಡು ತೆಳುವಾಗುತ್ತ ಬಯಲುಸೀಮೆಗೆ ಎಡೆಗೊಡುವಲ್ಲಿ, ಸವಳಂಗವೆಂಬ ಊರಿರುವುದು. ಬಹುಕಾಲ ಅದು ಶಿವಮೊಗ್ಗೆಯ ಜಿಲ್ಲೆಗೆ ಸೇರಿದ ಹೊನ್ನಾಳಿ ತಾಲ್ಲೂಕಿನ ಗ್ರಾಮವಾಗಿದ್ದಿತು. ೧೯೯೭ರಲ್ಲಿ ಹೊನ್ನಾಳಿಯು ದಾವಣಗೆರೆಯ ಜಿಲ್ಲೆಗೆ ಸೇರಿತು; ಅದರಿಂದೀಚೆಗೆ ನ್ಯಾಮತಿಯು ಪ್ರತ್ಯೇಕ ತಾಲ್ಲೂಕಾದುದರಿಂದ ಸವಳಂಗವು ಈಗ ಅದರೊಳಗಣದು. ಇಂತಹ ಊರಿನ ಪ್ರೌಢಶಾಲೆಗೆ ಕನ್ನಡವನ್ನೋ ಇಂಗ್ಲಿಷನ್ನೋ ಹಿಂದಿಯನ್ನೋ ಕಲಿಸಬಂದ ಉಪಾಧ್ಯಾಯರು ಆ ಕೆಲಸವನ್ನು ಎಲ್ಲಿ, ಯಾರಿಂದ, ಯಾವ ಬಗೆಯಲ್ಲಿ ಕಲಿತು ಬಂದರೆಂದು ವಿಚಾರಿಸುವವರು ವಿರಳ. ಗಣಿತದ ಉಪಾಧ್ಯಾಯರಿಗೆ ವಿಶೇಷ ಶಿಕ್ಷಣ ಬೇಕೆಂಬುದನ್ನು ಎಲ್ಲರೂ ಒಪ್ಪುವರು. ಭಾಷೆಯ ಮಾತು ಬಂದರೆ, ಅದು ಹುಟ್ಟಿನಿಂದ ಬಂದುದಲ್ಲವೆ, ಬಲ್ಲವನು ಹೇಳಿದರಾಯಿತು, ಕೇಳಿದವನು ಕಲಿತರಾಯಿತು ಎಂಬ ಭಾವನೆ ಇನ್ನೂ ಹೋಗಿಲ್ಲ. ಈ ಭಾವನೆಗೆ ಒಂದು ಚರಿತ್ರೆಯುಂಟು. ಆ ಚರಿತ್ರೆಯ ಎರಡು ಕೊನೆಗಳೂ ಸವಳಂಗದ ಸುತ್ತಣ ಸೀಮೆಯಲ್ಲಿಯೇ ಇವೆ.

ಸವಳಂಗದ ಮಾರ್ಗವನ್ನೇ ಹಿಡಿದು ಶಿಕಾರಿಪುರವನ್ನು ದಾಟಿ ಮುಂದೆ ಹೋದರೆ ಬಳ್ಳಿಗಾವೆ ಸಿಕ್ಕುವುದು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ವರ್ಣಿಸುವ, ಕಳಚುರ್ಯ ಬಿಜ್ಜಳನ ಕಾಲದ, ಕ್ರಿ.ಶ. ೧೧೬೨ನೆಯ ಇಸವಿಯ ಶಾಸನವು ಪ್ರಸಿದ್ಧವಾಗಿದೆ. ಆ ಮಠದಲ್ಲಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿತ್ತು. ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತು. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿತ್ತು. ದೀನರಿಗೂ ಅಂಧರಿಗೂ ಅನ್ನವೂ, ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದಿತು. ವ್ಯಾಕರಣದ ಪಾಠಕ್ಕಂತೂ ವಿಶೇಷವಾದ ಸ್ಥಾನವಿತ್ತು: ಕೌಮಾರ, ಪಾಣಿನೀಯ, ಶಾಕಟಾಯನ ಶಬ್ದಾನುಶಾಸನ ಎಂದು ಶಾಸನವು ಒಂದೊಂದನ್ನೂ ಹೆಸರಿಸುತ್ತದೆ. ಇವೆಲ್ಲವೂ ಸಂಸ್ಕೃತದ ವ್ಯಾಕರಣಗಳು. ಅದನ್ನು ತಿಳಿಸುವ ಶಾಸನವು ಮಾತ್ರ ಕನ್ನಡದಲ್ಲಿದೆ! ಕನ್ನಡವು ಬರೆಯಲು ಬೇಕು, ಹಾಡಲು ಬೇಕು, ದತ್ತಿಯನ್ನು ಕಲ್ಲಿನ ಮೇಲೆ ಕಡೆಯಲು ಬೇಕು. ಕ್ರಮವಾಗಿ ಕಲಿಸತಕ್ಕ ವಿದ್ಯೆಗಳ ಪಟ್ಟಿಯಲ್ಲಿ ಮಾತ್ರ ಅದನ್ನು ಸೇರಿಸುವ ಅಗತ್ಯ ತೋರಲಿಲ್ಲ. ದೇಶಭಾಷೆಗಳ ಕಲಿಕೆ ಎಲ್ಲಿಯೂ ಇರಲಿಲ್ಲವೆಂದು ಇದರಿಂದ ಹೇಳಲಾಗದು. ತಿರುಮಕೂಡಲು ನರಸೀಪುರದ ಸೀಮೆಯ ಮಾಲಂಗಿಯಲ್ಲಿ ಹೊಯ್ಸಳರ ಮಂತ್ರಿ ಪೆರುಮಾಳೆಯು ೧೨೯೦ರಲ್ಲಿ ಬಿಟ್ಟ ದತ್ತಿಯು ನಾಗರ, ಕನ್ನಡ, ತಿಗುಳ, ಆರ್ಯ ಎಂಬ ನಾಲ್ಕನ್ನು ಬಾಲಕರಿಗೆ ಓದಿಸುವ ಉಪಾಧ್ಯಾಯರಿಗೂ ಸಂದಿತ್ತು. ತಿಗುಳವೆಂದರೆ ತಮಿಳು, ಆರ್ಯವೆಂದರೆ ಮರಾಠಿ. ಏಳು ನೂರು ವರ್ಷಗಳ ಹಿಂದಣ ಈ ಏರ್ಪಾಡನ್ನು ಈಗಿನ ತ್ರಿಭಾಷಾಸೂತ್ರದವರು ನೋಡಿದರೆ ನಾಚಬಹುದು. ಆದರೆ ಆ ನಾಲ್ಕು ಭಾಷೆಗಳ ಉಪಾಧ್ಯಾಯರನ್ನು ಸಿದ್ಧಪಡಿಸುವ ಕ್ರಮವೇನಿತ್ತೆಂಬುದು ಶಾಸನದ ವಿಷಯವಲ್ಲ.

ಬಳ್ಳಿಗಾವೆಯ ಶಾಸನಗಳನ್ನು ಓದಿ ಲೋಕಕ್ಕೆ ತಿಳಿಸಿದ ಬಿ. ಎಲ್. ರೈಸ್ ಅವರೇ ಮೈಸೂರಿನ ಹಳ್ಳಿಗಳಲ್ಲಿ ಸರ್ಕಾರದ ಶಾಲೆಗಳನ್ನು ನೆಲೆಗೊಳಿಸುವ ಯೋಜನೆಯನ್ನೂ ಮಾಡಿದವರೆಂಬುದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ೧೮೬೦ರಲ್ಲಿ ಅಲ್ಲಿಯ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದು, ಆಮೇಲೆ ಶಾಲೆಗಳ ಇನ್ಸ್ಪೆಕ್ಟರಾಗಿ ನಾಡನ್ನೆಲ್ಲ ಸುತ್ತಿದ ರೈಸರು, ೧೮೬೮ರಲ್ಲಿ ಹೋಬಳಿಗೊಂದು ಶಾಲೆಯಾಗಬೇಕೆಂಬ ಏರ್ಪಾಡನ್ನು ಮುಂದಿಟ್ಟರು. ಶಾಲೆಯ ಮನೆಯನ್ನು ಸ್ಥಳದವರು ಒದಗಿಸುವುದು, ಸ್ಥಳದವರು ಒಪ್ಪಿದವನನ್ನೇ ಉಪಾಧ್ಯಾಯನನ್ನಾಗಿ ಮಾಡುವುದು, ಅವನನ್ನು ಮೊದಲು ನಾರ್ಮಲ್ ಸ್ಕೂಲಿಗೆ ಕಳುಹಿಸಿ ಕಲಿಸುವ ಕ್ರಮವನ್ನು ಕಲಿಸುವುದು ಅದರ ಮುಖ್ಯಾಂಶಗಳು. ಹೊನ್ನಾಳಿಯ ಸೀಮೆಯಂತಹ ದೂರದ ಎಡೆಗಳಿಗೆ ‘ಟ್ರೈನಿಂಗ್ ಆದ ಮೇಷ್ಟರು’ ಎಂಬ ಹೊಸ ಬಗೆಯ ಮನುಷ್ಯನನ್ನು ಮೊಟ್ಟಮೊದಲು ಕಳುಹಿಸಿದ್ದು ಈ ಯೋಜನೆ.

ಅದಕ್ಕೆ ಹಿಂದೆ ಇದ್ದುದು ಐಗಳ ಮಠ, ಕೂಲಿಮಠ. ಹುಡುಗರು ಮರಳಿನ ಮೇಲೆ ಬೆರಳಿಂದ ತಿದ್ದಿ ಅಕ್ಷರವನ್ನು ಕಲಿಯುವರು; ಕಾಗುಣಿತವನ್ನೂ ಮಗ್ಗಿಯನ್ನೂ ಗಟ್ಟಿಯಾಗಿ ಹೇಳುವರು; ಸ್ವಲ್ಪ ಮುಂದುವರಿದವರು ಅಮರವನ್ನು ಬಾಯಿಪಾಠಮಾಡಿ ಜೈಮಿನಿಯ ಪದ್ಯಗಳನ್ನು ರಾಗವಾಗಿ ಓದುವರು. ಅರ್ಥವು ಇಂದಲ್ಲ ನಾಳೆ ತಾನಾಗಿಯೇ ಹೊಳೆಯುವುದೆಂದು ಐಗಳ ನಂಬಿಕೆ. ಹೊಳೆಯದಿದ್ದರೆ ಬೆತ್ತವಿದ್ದೇ ಇತ್ತು. ಈ ಪದ್ಧತಿಯನ್ನು ಹಳಿಯುವುದು ಸುಲಭ. ಆದರೆ ಕನ್ನಡದ ಲಯವನ್ನು ಹುಡುಗರ ಕಿವಿಯಲ್ಲಿ ತುಂಬಿದ್ದು ಈ ಐಗಳೇ. ಮುಂದಿನ ಅರುವತ್ತು ವರ್ಷಗಳ ಕವಿಗಳಲ್ಲಿ ಬಹುಮಂದಿ ಕಾವ್ಯವನ್ನು ಮೊದಲು ಕೇಳಿದ್ದು ಇಂತಹ ಬಾಯಿಗಳಿಂದಲೇ. ನಾರ್ಮಲ್ ಸ್ಕೂಲಿಗೆ ಹೋಗಿ ಬಂದ ಉಪಾಧ್ಯಾಯನು ಕರಿಹಲಗೆ, ವೇಳಾಪಟ್ಟಿ, ಭೂಪಟ, ತರಗತಿಗಳ ವಿಭಾಗ ಇವುಗಳನ್ನು ತಂದನು. ಕನ್ನಡವನ್ನು ಮಾತ್ರ ಅವನೂ ಐಗಳಂತೆಯೇ ಕಲಿಸಿದನು, ಏಕೆಂದರೆ ಅಲ್ಲಿಯೂ ಕನ್ನಡವನ್ನು ಕಲಿಸುವ ಕ್ರಮವೆಂದು ಬೇರೆಯಾಗಿ ಹೇಳಿಕೊಡತಕ್ಕದ್ದು ಹೆಚ್ಚೇನೂ ಇರಲಿಲ್ಲ.

ಉತ್ತರದ ಭಾಗದಲ್ಲಿ ಸಂಗತಿ ಬೇರೆಯಾಗಿತ್ತು. ಮುಂಬಯಿ ಆಧಿಪತ್ಯಕ್ಕೆ ಸೇರಿದ ಕನ್ನಡ ಜಿಲ್ಲೆಗಳಲ್ಲಿ ಶಾಲೆಗಳು ಮರಾಠಿಯಲ್ಲಿ ನಡೆಯುತ್ತಿದ್ದುದರಿಂದ ಕನ್ನಡದಲ್ಲಿ ಕಲಿಸಬಲ್ಲ ಉಪಾಧ್ಯಾಯರೇ ದುರ್ಲಭರಾಗಿದ್ದರು. ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದು, ಆಮೇಲೆ ಡೆಪ್ಯುಟಿ ಇನ್ಸ್ಪೆಕ್ಟರಾದುದರಿಂದ ಡೆಪ್ಯುಟಿ ಚನ್ನಬಸಪ್ಪನವರೆಂದೇ ಹೆಸರಾದವರು ಅಲ್ಲಿ ಮೊದಲು ಉಪಾಧ್ಯಾಯರನ್ನು ನಿರ್ಮಿಸಿ ಆಮೇಲೆ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು. ಉಪಾಧ್ಯಾಯರಿಗೆ ಓದಲು ಪುಸ್ತಕಗಳಿರಲಿಲ್ಲವಾಗಿ ಬರೆದರು, ಬರೆಯಿಸಿದರು. ಷೇಕ್ಸ್ಪಿಯರನ ಪ್ರಹಸನವೊಂದನ್ನು ೧೮೭೧ರಲ್ಲಿ ಕನ್ನಡಕ್ಕೆ ತಂದರು. ಉಪಾಧ್ಯಾಯರಿಗಾಗಿಯೇ ಆ ಸೀಮೆಯಲ್ಲಿ ಹುಟ್ಟಿದ ಮಠಪತ್ರಿಕೆಯು ಮುಂದೆ ಕನ್ನಡ ಶಾಲಾಪತ್ರಿಕೆಯಾಗಿ, ಇನ್ನೂ ಮುಂದೆ ‘ಜೀವನ ಶಿಕ್ಷಣ’ವಾಗಿ ಉಳಿದು ಬಂದಿದೆ. ಕನ್ನಡಕ್ಕೆ ಉಪಾಧ್ಯಾಯನು ತಾನಾಗಿ ಹುಟ್ಟುವುದಿಲ್ಲ, ಅವನನ್ನು ಸಿದ್ಧಪಡಿಸಬೇಕು ಎಂಬ ಅರಿವು, ಕನ್ನಡವು ಕೈತಪ್ಪಿದ ಸೀಮೆಯಲ್ಲಿ ಮೊದಲು ಮೂಡಿತೆಂಬುದನ್ನು ಇಲ್ಲಿ ಗಮನಿಸಬೇಕು. ಮೈಸೂರಿನಲ್ಲಿ ಆ ಅರಿವಿಗೆ ಅಷ್ಟು ಅವಸರವಿರಲಿಲ್ಲ.

ಈ ವರೆಗಿನದೆಲ್ಲ ಪ್ರಾಥಮಿಕ ಶಾಲೆಯ ಮಾತಾಯಿತು. ಹೈಸ್ಕೂಲಿನಲ್ಲಿ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ಅಲ್ಲಿ ಪಾಠಗಳು ಇಂಗ್ಲಿಷಿನಲ್ಲಿ, ಕಲಿಸುವವರು ಪದವೀಧರರು. ಅವರಿಗೆ ಶಿಕ್ಷಣಕೊಡಲು ಮದರಾಸಿನಲ್ಲಿ ೧೮೫೬ರಲ್ಲಿ ಸ್ಥಾಪಿತವಾದ ನಾರ್ಮಲ್ ಸ್ಕೂಲು ಬೆಳೆದು ಸೈದಾಪೇಟೆಯ ಟೀಚರ್ಸ್ ಕಾಲೇಜಾಯಿತು. ಮುಂಬಯಿಯಲ್ಲಿ ೧೯೦೬ರಲ್ಲಿ ಸೆಕೆಂಡರಿ ಟ್ರೈನಿಂಗ್ ಕಾಲೇಜು ಏರ್ಪಟ್ಟಿತು. ಸೈದಾಪೇಟೆಯ ಎಲ್.ಟಿ. ಎಂಬ ಎರಡಕ್ಷರವನ್ನು ಹೆಸರಿನ ಮುಂದೆ ಹಾಕಿಕೊಂಡವರಿಗೆ ದಕ್ಷಿಣದೇಶದಲ್ಲೆಲ್ಲ ಮರ್ಯಾದೆ. ಕನ್ನಡವನ್ನು ಕಲಿಸುವವರು ಈ ಗುಂಪಿಗೆ ಸೇರಿದವರಲ್ಲ, ಅವರು ಪಂಡಿತರು. ಕಾವ್ಯ, ಛಂದಸ್ಸು, ಅಲಂಕಾರ, ಶಬ್ದಮಣಿದರ್ಪಣಗಳನ್ನು ಗುರುಮುಖದಿಂದ ಪಡೆದು, ಮೈಸೂರಿನ ವಿದ್ವತ್ಪರೀಕ್ಷೆಯನ್ನೋ ಮದರಾಸು ವಿಶ್ವವಿದ್ಯಾನಿಲಯದ ವಿದ್ವಾನ್ ಪರೀಕ್ಷೆಯನ್ನೋ ಮುಗಿಸಿ ಬಂದವರು. ಅವರ ಭಾಷಾಜ್ಞಾನವು ಪದವೀಧರರದಕ್ಕಿಂತ ಎಷ್ಟೋ ಮೇಲು, ಸಂಬಳ ಎಷ್ಟೋ ಕಡಮೆ. ಇಂಗ್ಲಿಷ್ ಪದವಿಯಿಲ್ಲದುದರಿಂದ ಮುಖ್ಯೋಪಾಧ್ಯಾಯತ್ವದ ದಾರಿ ಅವರಿಗೆ ಮುಚ್ಚಿದಂತೆಯೇ ಇತ್ತು. ನಲವತ್ತು ಹುಡುಗರನ್ನು ಹತೋಟಿಯಲ್ಲಿಟ್ಟುಕೊಂಡು ಪಾಠವನ್ನು ನಡೆಸುವ ಬಗೆಯನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಪಂಡಿತರ ಪೇಟವನ್ನೂ ಉತ್ತರೀಯವನ್ನೂ ನೋಡಿ ನಗುವ ಹುಡುಗರು ಅದೇ ಗಂಟೆಗಾಗಿ ತಮ್ಮ ಗದ್ದಲವನ್ನೆಲ್ಲ ಕೂಡಿಟ್ಟುಕೊಂಡಿರುತ್ತಿದ್ದರೆಂದು ಆ ಕಾಲದವರು ಬಹಳ ಮಂದಿ ಹೇಳಿಕೊಂಡಿದ್ದಾರೆ. ತಪ್ಪು ಹುಡುಗರದಲ್ಲ, ಪಂಡಿತರದೂ ಅಲ್ಲ.

ಈ ಅವ್ಯವಸ್ಥೆಗೆ ನಂದಳಿಕೆಯ ಲಕ್ಷ್ಮೀನಾರಣಪ್ಪನವರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಮುದ್ದಣನೆಂಬ ಹೆಸರಿನಿಂದ ಕನ್ನಡಿಗರ ಮನೆಮನೆಗೂ ಪರಿಚಿತರಾದ ಇವರು, ೧೮೭೦ರಲ್ಲಿ ಹುಟ್ಟಿ, ಬಡತನದಿಂದ ಓದನ್ನು ಮುಂದುವರಿಸಲಾರದೆ, ಉದ್ಯೋಗಕ್ಕಾಗಿ ತರಬೇತಿ ಪಡೆದದ್ದು ಅಂಗಸಾಧನೆಯಲ್ಲಿ. ಉಡುಪಿಯ ಶಾಲೆಯಲ್ಲಿ ಅವರು ಡ್ರಿಲ್ ಮಾಸ್ತರರು. ನಡುವೆ ಕೆಲಕಾಲ ಕುಂದಾಪುರದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ಮರಳಿ ಉಡುಪಿಗೆ ಬಂದರು. ಹುಡುಗರ ಕೈಕಾಲುಗಳನ್ನು ಆಡಿಸುವುದಕ್ಕೆ ಶಿಕ್ಷಣ ಬೇಕೆಂದು ಸರ್ಕಾರಕ್ಕೆ ತೋರಿತ್ತು. ನಾಲಗೆಯನ್ನು ಆಡಿಸುವುದಕ್ಕೆ ಬೇಕೆಂದು ತೋರಿರಲಿಲ್ಲ. ಶ್ರೀರಾಮಾಶ್ವಮೇಧದಂತಹ ಗದ್ಯವನ್ನು ಬರೆದು, ಅದು ತನ್ನದೆಂದು ಹೇಳಿಕೊಳ್ಳುವ ಧೈರ್ಯವಿಲ್ಲದೆ, ಹಳೆಯ ಕವಿಯದೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿ, ಅವರು ೧೯೦೧ರಲ್ಲಿ ಮೂವತ್ತೊಂದನೆಯ ವರ್ಷಕ್ಕೆ ಕ್ಷಯದಿಂದ ತೀರಿಕೊಂಡರು. ಗಂಡಹೆಂಡಿರ ಸಲ್ಲಾಪದ ನಡುವೆ ಕಥೆಯನ್ನು ಹೇಳಿ, ಕೇಳುವವಳು ಅರ್ಥವಾಗದೆಂದಾಗ ನಿಂತು ತಿಳಿಯಹೇಳಿ, ಮತ್ತೆ ಮುಂದುವರಿಯುವ ಆ ಗ್ರಂಥದ ಕ್ರಮವನ್ನು ಬೋಧನಶಾಸ್ತ್ರದವರು ಅಂದೇ ಕಂಡಿದ್ದರೆ ಕನ್ನಡದ ಪಾಠಗಳ ಗತಿಯೇ ಬೇರೆಯಾಗುತ್ತಿತ್ತೋ ಏನೋ!

ಅದೇ ಜಿಲ್ಲೆಯ ಪಂಜೆ ಮಂಗೇಶರ ಭಾಗ್ಯ ಬೇರೆ. ಅವರೂ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿಯೇ ಆರಂಭಿಸಿದರು. ಆದರೆ ಬಿ.ಎ. ಪದವಿಯನ್ನೂ ಎಲ್.ಟಿ.ಯನ್ನೂ ಪಡೆದುಕೊಂಡುದರಿಂದ ಶಾಲೆಗಳ ತನಿಖಾಧಿಕಾರಿಯಾಗಿ, ಕಡೆಗೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ, ೧೯೩೪ರಲ್ಲಿ ರಾಯಚೂರಿನ ಸಾಹಿತ್ಯಸಮ್ಮೇಳನದ ಅಧ್ಯಕ್ಷಪೀಠಕ್ಕೆ ಏರಿದರು. ಪಂಡಿತನ ಭಾಷೆಯೂ ಟ್ರೈನಿಂಗಿನ ಹದವೂ ಒಬ್ಬರಲ್ಲಿಯೇ ಕೂಡಿದರೆ ಏನಾಗುವುದೆಂಬುದನ್ನು ಅವರ ಮಕ್ಕಳ ಪದ್ಯಗಳೂ ಪಾಠಪುಸ್ತಕಗಳೂ ತೋರಿಸಿದವು. ಮಗುವಿನ ಬಾಯಿಗೆ ಯಾವ ಮಾತು ಹಿಡಿಸುವುದು, ಯಾವುದು ದೊಡ್ಡದಾಗುವುದೆಂಬುದನ್ನು ಅವರಷ್ಟು ಬಲ್ಲವರು ಆಗ ವಿರಳ.

ಮೈಸೂರಿನಲ್ಲಿ ಪಾಂಡಿತ್ಯಕ್ಕೆ ಪದವಿಯ ಮರ್ಯಾದೆ ಬಂದದ್ದು ಮೆಲ್ಲಮೆಲ್ಲಗೆ. ಆರ್. ನರಸಿಂಹಾಚಾರ್ಯರು ೧೮೯೩ರಲ್ಲಿ ಮದರಾಸಿನಿಂದ ಕನ್ನಡದಲ್ಲಿ ಎಂ.ಎ. ಪದವಿಯನ್ನು ಪಡೆದಾಗ ಅಂತಹವರು ಮತ್ತೊಬ್ಬರಿರಲಿಲ್ಲ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದರೂ ಕನ್ನಡದ ಎಂ.ಎ. ತರಗತಿ ಆರಂಭವಾಗಲು ೧೯೨೭ರವರೆಗೆ ಕಾಯಬೇಕಾಯಿತು. ಟಿ. ಎಸ್. ವೆಂಕಣ್ಣಯ್ಯನವರ ಬಳಿ ಓದಿ ಹೊರಬಂದ ಡಿ. ಎಲ್. ನರಸಿಂಹಾಚಾರ್ಯ, ಕೆ. ವಿ. ಪುಟ್ಟಪ್ಪ ಮೊದಲಾದವರು ಪಂಡಿತನ ಪೀಠವನ್ನು ಅಧ್ಯಾಪಕನ ಪೀಠವನ್ನಾಗಿ ಮಾಡಿದರು. ಬಿ. ಎಂ. ಶ್ರೀಕಂಠಯ್ಯನವರು ೧೯೩೮ರಿಂದ ೧೯೪೨ರವರೆಗೆ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದ ಕಾಲದಲ್ಲಿ ಕನ್ನಡ ಪರೀಕ್ಷೆಗಳಿಗೆ ಉತ್ತೇಜನ ದೊರಕಿ, ಕಾವ, ಜಾಣ ಎಂಬ ಹೆಸರುಗಳು ಹಳ್ಳಿಯ ಉಪಾಧ್ಯಾಯರಿಗೂ ಪರಿಚಿತವಾದವು. ಇವೆಲ್ಲದರಿಂದ ಕನ್ನಡವನ್ನು ಬಲ್ಲವರ ಸಂಖ್ಯೆ ಬೆಳೆಯಿತು. ಕಲಿಸುವ ವಿದ್ಯೆಯೋ ಬಿ.ಟಿ. ಎಂಬ ಬೇರೆಯ ಪದವಿಯಾಗಿ ದೂರದಲ್ಲಿಯೇ ಉಳಿಯಿತು. ಅಲ್ಲಿ ಹರ್ಬಾರ್ಟನ ಐದು ಹೆಜ್ಜೆಗಳನ್ನು ಉರುಹಚ್ಚಿದವನು, ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಪ್ರಯೋಗ ಎಂಬ ಅದೇ ಅಚ್ಚಿಗೆ ಚರಿತ್ರೆಯ ಪಾಠವನ್ನೂ ಕುಮಾರವ್ಯಾಸನ ಪದ್ಯವನ್ನೂ ಇಳಿಸುತ್ತಿದ್ದನು. ದ್ರೌಪದಿಯ ಮೊರೆಯಿಂದ ಯಾವ ಸಾಮಾನ್ಯನಿಯಮವನ್ನು ಹೊರಡಿಸಬೇಕೆಂಬುದು ಅಭ್ಯರ್ಥಿಗಳಿಗೆ ಬಹಳ ಕಷ್ಟದ ಸಂಗತಿಯಾಗಿದ್ದಿರಬೇಕು.

ಪುಟ್ಟಪ್ಪನವರ ಹೆಸರು ಬಂದುದರಿಂದ ಇಲ್ಲಿ ಐರ್ಲೆಂಡಿನ ಕಡೆಗೆ ಸ್ವಲ್ಪ ತಿರುಗಬೇಕಾಗಿದೆ. ೧೯೨೪ರಲ್ಲಿ ಮೈಸೂರಿನ ಶಾಲೆಯಲ್ಲಿ ಓದುತ್ತಿದ್ದ ಅವರು ತಮ್ಮ ಇಂಗ್ಲಿಷ್ ಕವನಗಳನ್ನು ಜೇಮ್ಸ್ ಕಸಿನ್ಸರಿಗೆ ತೋರಿಸಿದುದನ್ನೂ, ನಿಮ್ಮ ನುಡಿಯಲ್ಲಿ ಬರೆಯಬಾರದೇಕೆಂದು ಅವರು ಕೇಳಿದುದನ್ನೂ, ಅಂದಿನಿಂದ ಕುವೆಂಪುಗಳ ಕನ್ನಡ ಕಾವ್ಯ ಮೊದಲಾದುದನ್ನೂ ವಾಚಕರು ಬಲ್ಲರು. ಕಸಿನ್ಸರು ಬೆಲ್ಫಾಸ್ಟಿನವರು, ಡಬ್ಲಿನ್ನಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರು. ತಾವು ಬರೆದುದೆಲ್ಲ ಇಂಗ್ಲಿಷಿನಲ್ಲಿ! ತಮ್ಮ ನಾಡಿನ ಹಳೆಯ ನುಡಿಯು ಜನರ ಬಾಯಿಂದ ಜಾರಿಹೋದುದನ್ನು ಕಂಡವರಾದುದರಿಂದಲೇ ಮಲೆನಾಡಿನ ಹುಡುಗನಿಗೆ ಆ ಪ್ರಶ್ನೆಯನ್ನು ಹಾಕುವುದು ಅವರಿಗೆ ಸಾಧ್ಯವಾಯಿತೆಂದು ಊಹಿಸಬಹುದು.

ಆ ನಾಡಿನ ಕಥೆಯು ಭಾಷೋಪಾಧ್ಯಾಯರ ಕಥೆಯೇ ಆಗಿದೆ. ೧೮೯೩ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಸಂಘವನ್ನು ಸ್ಥಾಪಿಸಿದಾಗ ಐರಿಷ್ ಭಾಷೆಯು ಪಶ್ಚಿಮದ ಕಡಲಂಚಿನ ಬಡ ಹಳ್ಳಿಗಳಲ್ಲಿ ಮಾತ್ರ ಉಳಿದಿತ್ತು. ಹೈಡರೇ ಅದನ್ನು ಕಲಿತದ್ದು ಶಾಲೆಯಲ್ಲಲ್ಲ, ನೆರೆಹೊರೆಯ ಒಕ್ಕಲಮಕ್ಕಳ ಬಾಯಿಂದ. ಕಲಿಸುವವರಿಲ್ಲದೆ ಭಾಷೆ ಉಳಿಯದೆಂದು ಸಂಘದವರು ಸಂಚಾರಿ ಉಪಾಧ್ಯಾಯರನ್ನು ನೇಮಿಸಿದರು. ಅವರು ಬೈಸಿಕಲ್ಲಿನ ಮೇಲೆ ಊರಿಂದೂರಿಗೆ ಹೋಗಿ ರಾತ್ರಿಯ ತರಗತಿಗಳನ್ನು ನಡೆಸಿದರು. ೧೯೦೪ರಲ್ಲಿ ದಕ್ಷಿಣದ ಬ್ಯಾಲಿಂಗಿಯರಿ ಎಂಬ ಹಳ್ಳಿಯಲ್ಲಿ, ಐರಿಷ್ ಕಲಿಸುವ ಉಪಾಧ್ಯಾಯರಿಗಾಗಿಯೇ ಬೇಸಗೆಯ ಕಾಲೇಜೊಂದು ಆರಂಭವಾಯಿತು. ಪಟ್ಟಣದ ಉಪಾಧ್ಯಾಯನು ರಜೆಯಲ್ಲಿ ಅಲ್ಲಿಗೆ ಹೋಗಿ, ಬೆಳಗ್ಗೆ ಬೋಧನಕ್ರಮವನ್ನು ಕೇಳಿ, ಸಂಜೆ ಹಳ್ಳಿಯವರ ಮನೆಗಳಲ್ಲಿ ಕುಳಿತು ಮಾತಾಡಬೇಕು. ೧೯೨೨ರಲ್ಲಿ ಸ್ವತಂತ್ರರಾಷ್ಟ್ರವಾದ ಮೇಲೆ ಸರ್ಕಾರವು ಶಾಲೆಗಳಲ್ಲಿ ಐರಿಷನ್ನು ಕಡ್ಡಾಯಮಾಡಿತು. ಉಪಾಧ್ಯಾಯರಲ್ಲಿ ಬಹುಮಂದಿ ಅದನ್ನು ಬಲ್ಲವರಲ್ಲವಾಗಿ ಸಾವಿರಾರು ಮಂದಿ ಬೇಸಗೆಯ ರಜೆಗಳನ್ನು ಅದಕ್ಕಾಗಿ ತೆರಬೇಕಾಯಿತು. ಪ್ರೌಢಶಾಲೆಯ ಅಧ್ಯಾಪಕನಾಗುವವನು, ಗಣಿತವನ್ನೇ ಕಲಿಸಲಿ, ಐರಿಷ್ ಮಾತುಗಾರಿಕೆಯ ಪರೀಕ್ಷೆಯೊಂದನ್ನು ಮುಗಿಸಬೇಕೆಂಬ ನಿಯಮವೂ ಬಂದು ಬಹುಕಾಲ ನಡೆಯಿತು. ೧೯೩೭ರ ರಾಜ್ಯಾಂಗವು ಐರಿಷನ್ನು ‘ಪ್ರಥಮ’ ಅಧಿಕೃತ ಭಾಷೆಯೆಂದು ಸಾರಿತು. ಮನೆಯಲ್ಲಿ ಮಾತ್ರ ಹೆಚ್ಚಿನವರ ಮೊದಲ ಭಾಷೆ ಇಂಗ್ಲಿಷಾಗಿಯೇ ಉಳಿಯಿತು. ಬಲವಂತದಿಂದ ಬೇಸರವೂ ಹುಟ್ಟಿ, ಐರಿಷಿನಲ್ಲಿ ತಪ್ಪಿದವನು ಇಡೀ ಪರೀಕ್ಷೆಯಲ್ಲಿಯೇ ತಪ್ಪಿದಂತೆ ಎಂಬ ಕಟ್ಟಳೆಯನ್ನು ೧೯೭೩ರಲ್ಲಿ ತೆಗೆದುಹಾಕಬೇಕಾಯಿತು.

ಆ ದೇಶದವರ ಪ್ರಯತ್ನ ಎಷ್ಟರ ಮಟ್ಟಿಗೆ ಫಲಿಸಿತೆಂಬ ವಾದ ಅಲ್ಲಿಯೇ ಮುಗಿದಿಲ್ಲ. ಆದರೆ ಒಂದು ವಿಷಯದಲ್ಲಿ ಅವರು ಕಣ್ಣುಮುಚ್ಚಿಕೊಳ್ಳಲಿಲ್ಲ. ‘ಪ್ರಥಮ ಭಾಷೆ’ಯೆಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಅದು ಮಗುವಿನ ಬಾಯಲ್ಲಿ ಮೊದಲು ಬರುವುದಿಲ್ಲವೆಂದು ಒಪ್ಪಿ, ಉಪಾಧ್ಯಾಯನನ್ನು ಅದಕ್ಕೆ ತಕ್ಕಂತೆ ಸಿದ್ಧಪಡಿಸಿದರು. ಈಗಲೂ ಅಲ್ಲಿ ಪ್ರೌಢಶಾಲೆಗೆ ಐರಿಷ್ ಕಲಿಸುವವರು, ಪದವಿಯ ಮೇಲೆ ಎರಡು ವರ್ಷದ ಶಿಕ್ಷಣವನ್ನು ಪಡೆಯುವುದಲ್ಲದೆ, ಐರಿಷ್ ಆಡುವ ಸೀಮೆಯಲ್ಲಿ ನಿಯತಕಾಲ ಇದ್ದು ಬರಬೇಕು. ಫ್ರೆಂಚ್, ಜರ್ಮನ್ ಮೊದಲಾದ ಆಧುನಿಕ ಭಾಷೆಗಳನ್ನು ಕಲಿಸುವವರು ಆಯಾ ದೇಶಗಳಲ್ಲಿ ಇದ್ದು ಬಂದಿರಬೇಕು.

ಕರ್ನಾಟಕದಲ್ಲಿ ಭಾಷಾಬೋಧನೆಯು ಒಂದು ಶಾಸ್ತ್ರವೆನಿಸಿದ್ದು ಇಂಗ್ಲಿಷಿನ ದಾರಿಯಿಂದ. ೧೯೫೮ರಲ್ಲಿ ಹೈದರಾಬಾದಿನಲ್ಲಿ ಇಂಗ್ಲಿಷಿನ ಕೇಂದ್ರ ಸಂಸ್ಥೆ ಸ್ಥಾಪಿತವಾಗಿ, ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರು ಅದರ ನಿರ್ದೇಶಕರಾದರು. ೧೯೬೩ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. ಅದೇ ವರ್ಷ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವೂ ಹುಟ್ಟಿ, ವಿಷಯವನ್ನೂ ಬೋಧನೆಯನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಕ್ರಮವನ್ನು ಹಾಕಿತು. ಬೆಂಗಳೂರಿನ ಸಂಸ್ಥೆಯನ್ನು ನೆಲೆಯಾಗಿಟ್ಟುಕೊಂಡು ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ದಕ್ಷಿಣದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ವ್ಯಾಕರಣವನ್ನು ಹಂತಹಂತವಾಗಿ ಹೇಳಿಕೊಡುವುದನ್ನು ಬಿಟ್ಟು, ರೈಲಿನ ವೇಳಾಪಟ್ಟಿಯನ್ನು ಓದಿ ಪ್ರಯಾಣವನ್ನು ಗೊತ್ತುಮಾಡುವಂತಹ ಸಮಸ್ಯೆಗಳನ್ನು ಹುಡುಗರ ಮುಂದಿಟ್ಟು, ಅವುಗಳನ್ನು ಬಿಡಿಸುವ ಶ್ರಮದಲ್ಲಿಯೇ ಭಾಷೆಯು ಮನಸ್ಸಿಗೆ ಹತ್ತುವಂತೆ ಮಾಡುವುದು ಅದರ ಮರ್ಮ. ೧೯೮೭ರಲ್ಲಿ ಅವರ ಗ್ರಂಥ ಹೊರಬಂದ ಮೇಲೆ ‘ಬೆಂಗಳೂರು ಪ್ರಯೋಗ’ವೆಂಬ ಹೆಸರು ಭಾಷಾಬೋಧನೆಯನ್ನು ಕುರಿತ ಜಗತ್ತಿನ ಗ್ರಂಥಗಳಲ್ಲೆಲ್ಲ ಸೇರಿತು. ಹೊರನಾಡಿನಲ್ಲಿ ಫ್ರೆಂಚ್ ಕಲಿಸಲು ಸಿದ್ಧನಾಗುವ ತರುಣನು ಬೆಂಗಳೂರಿನ ಹೆಸರನ್ನು ಓದುವನು. ಬೆಂಗಳೂರಿನಲ್ಲಿ ಕನ್ನಡ ಕಲಿಸಲು ಸಿದ್ಧನಾಗುವವನಿಗೆ ಅದರಿಂದ ತನಗೇನೆಂಬ ಉದಾಸೀನ.

ಕನ್ನಡದ ಬೋಧನೆಗೆ ಅಂತಹ ದೃಷ್ಟಿ ಬಂದದ್ದು, ಡಾಕ್ಟರ್ ಡಿ. ಪಿ. ಪಟ್ಟನಾಯಕರ ನೇತೃತ್ವದಲ್ಲಿ ೧೯೬೯ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ ಸ್ಥಾಪಿತವಾದ ಮೇಲೆ. ತ್ರಿಭಾಷಾಸೂತ್ರವನ್ನು ನಡೆಸಲು ಒಂದು ರಾಜ್ಯದ ಶಾಲೆಯಲ್ಲಿ ಇನ್ನೊಂದು ರಾಜ್ಯದ ಭಾಷೆಯನ್ನು ಕಲಿಸಬಲ್ಲವರು ಬೇಕಾದುದರಿಂದ, ೧೯೭೦ರಲ್ಲಿ ಮೈಸೂರು, ಪುಣೆ, ಭುವನೇಶ್ವರ, ಪಟಿಯಾಲಗಳಲ್ಲಿ ಪ್ರಾದೇಶಿಕ ಭಾಷಾಕೇಂದ್ರಗಳು ಏರ್ಪಟ್ಟವು. ಮೈಸೂರಿನ ಕೇಂದ್ರಕ್ಕೆ ಬೇರೆ ಬೇರೆ ರಾಜ್ಯಗಳ ಶಾಲೋಪಾಧ್ಯಾಯರು ಸಂಬಳಸಹಿತವಾಗಿ ಬಂದು ಹತ್ತು ತಿಂಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಗಳಲ್ಲಿ ಒಂದನ್ನು ಮೊದಲಿನಿಂದ ಕಲಿಯುವರು. ಪಾಠದ ಜೊತೆಗೆ ಆ ಭಾಷೆಯ ಸೀಮೆಯಲ್ಲಿ ಸಂಚಾರವನ್ನೂ ಮಾಡುವರು. ಅ, ಆ ತಿಳಿಯದ ನಡುವಯಸ್ಸಿನ ಮೇಷ್ಟರುಗಳು ಎದುರಿಗೆ ಬಂದು ಕುಳಿತಾಗ, ಕನ್ನಡವನ್ನು ಹುಟ್ಟಿನಿಂದ ಬಂದುದೆಂದು ತಿಳಿದಿದ್ದ ಪಂಡಿತರಿಗೆ ಅದನ್ನು ಹೊರಗಿನಿಂದ ನೋಡುವ ಅವಶ್ಯಕತೆ ಬಿದ್ದಿತು. ‘ಅವನು ಬಂದನು, ಅವಳು ಬಂದಳು, ಅದು ಬಂದಿತು’ ಎಂಬಲ್ಲಿ ಕ್ರಿಯಾಪದವು ಏಕೆ ಬದಲಾಗುವುದು? ‘ನನಗೆ ಹಸಿವಾಗಿದೆ’ ಎನ್ನುವಲ್ಲಿ ‘ನಾನು’ ಎಲ್ಲಿ ಹೋಯಿತು? ಕೇಶಿರಾಜನು ಇಂತಹ ಪ್ರಶ್ನೆಗಳಿಗಾಗಿ ಸೂತ್ರಗಳನ್ನು ಬರೆದವನಲ್ಲ. ಪಾಠಗಳನ್ನು ಹೊಸದಾಗಿ ಕಟ್ಟಬೇಕಾಯಿತು, ಧ್ವನಿಮುದ್ರಿಸಬೇಕಾಯಿತು, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತುಮಾಡಬೇಕಾಯಿತು. ಪರರಿಗೆ ಕಲಿಸಹೊರಟಾಗ ಕನ್ನಡವನ್ನು ಕಲಿಸುವ ವಿದ್ಯೆ ಕನ್ನಡಿಗರಿಗೆ ದೊರೆಯಿತು.

ಆ ವಿದ್ಯೆಯು ಬಿ.ಎಡ್. ಕಾಲೇಜುಗಳೊಳಗೆ ಇಳಿದದ್ದು ಸ್ವಲ್ಪವೇ. ಬಿ.ಟಿ.ಯು ಬಿ.ಎಡ್. ಆಯಿತು, ೧೯೯೩ರ ಶಾಸನದಂತೆ ಶಿಕ್ಷಕರ ಶಿಕ್ಷಣಕ್ಕೆ ರಾಷ್ಟ್ರೀಯ ಪರಿಷತ್ತು ಬಂದಿತು, ಅದರ ೨೦೧೪ರ ನಿಬಂಧನೆಗಳಿಂದ ಒಂದು ವರ್ಷದ ಶಿಕ್ಷಣ ಎರಡು ವರ್ಷವಾಯಿತು. ಕನ್ನಡದ ಉಪಾಧ್ಯಾಯರು ಈಗ ಪದವೀಧರರು, ಶಿಕ್ಷಣ ಪಡೆದವರು. ಪಂಡಿತರಿಗಿದ್ದ ಕೊರತೆಗಳು ಇವರಿಗಿಲ್ಲ. ಆದರೆ ಪ್ರಥಮ ಭಾಷೆಯೆಂದರೆ ಮಗುವಿನ ಮನೆಯ ಮಾತೇ ಎಂಬ ಭಾವನೆಯ ಮೇಲೆಯೇ ಅವರ ಪಾಠಗಳೆಲ್ಲ ನಿಂತಿವೆ. ಇಂಗ್ಲಿಷಿನ ಸಂಸ್ಥೆಯನ್ನು ನಡೆಸಿದ್ದ ಗೋಕಾಕರೇ ೧೯೮೧ರಲ್ಲಿ ಕೊಟ್ಟ ವರದಿಯೂ, ೧೯೮೨ರ ದೊಡ್ಡ ಚಳವಳಿಯೂ, ಆಮೇಲೆ ನ್ಯಾಯಾಲಯಗಳಲ್ಲಿ ನಡೆದ ವಾದಗಳೂ ಪ್ರಥಮ ಭಾಷೆಯ ಸ್ಥಾನದಲ್ಲಿ ಯಾವುದಿರಬೇಕೆಂಬುದನ್ನು ಕುರಿತವು. ಆ ಸ್ಥಾನದಲ್ಲಿ ಕುಳಿತ ಕನ್ನಡವನ್ನು, ಅದು ಮನೆಯ ಮಾತಲ್ಲದ ಕನ್ನಡನಾಡಿನ ಮಗುವಿಗೆ ಹೇಗೆ ಮುಟ್ಟಿಸಬೇಕೆಂಬ ವಿಚಾರಕ್ಕೆ ಅಷ್ಟು ಗದ್ದಲದಲ್ಲಿ ಎಡೆ ಸಿಕ್ಕಲಿಲ್ಲ.

ಅಂತಹ ಮಗುವನ್ನು ಹುಡುಕಿಕೊಂಡು ಗಡಿನಾಡಿಗೆ ಹೋಗಬೇಕಾಗಿಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು, ೧೭೩೯ರಲ್ಲಿ ಹುಟ್ಟಿದರೆಂದು ಹೇಳುವ ಸಂತ ಸೇವಾಲಾಲರ ಜನ್ಮಸ್ಥಳವೆಂದು ಭಾರತದ ಲಂಬಾಣಿಗರಿಗೆಲ್ಲ ಯಾತ್ರಾಸ್ಥಾನ. ಈ ಸೀಮೆಯ ತಾಂಡಾಗಳಲ್ಲಿ ಮಕ್ಕಳು ತಾಯಿಯನ್ನು ‘ಯಾಡಿ’ಯೆಂದೂ ರೊಟ್ಟಿಯನ್ನು ‘ಬಾಟಿ’ಯೆಂದೂ ಕರೆದು ಬೆಳೆಯುವರು. ಲಂಬಾಣಿಯು ರಾಜಸ್ಥಾನದ ನುಡಿಗಳಿಗೆ ಹತ್ತಿರದ ಆರ್ಯಭಾಷೆ. ಮರ, ಕಲ್ಲು, ಮನೆಗಳನ್ನೆಲ್ಲ ನಪುಂಸಕಲಿಂಗಕ್ಕೆ ಸೇರಿಸುವ ಕನ್ನಡದ ಕಟ್ಟು ಅದಕ್ಕಿಲ್ಲ. ತಾಂಡಾದ ಹುಡುಗನು ಕ್ರಿಯಾಪದದ ಲಿಂಗದಲ್ಲಿ ತಪ್ಪಿದಾಗ ಅದು ಅಜಾಗರೂಕತೆಯಲ್ಲ, ಒಂದು ವ್ಯಾಕರಣದಿಂದ ಇನ್ನೊಂದಕ್ಕೆ ದಾಟುವವನ ಎಡವು. ಮೈಸೂರಿನ ಕೇಂದ್ರದಲ್ಲಿ ಹೊರನಾಡಿನ ಮೇಷ್ಟರು ಅದೇ ತಪ್ಪನ್ನು ಮಾಡಿದರೆ ಅದಕ್ಕೆಂದೇ ಸಿದ್ಧಪಡಿಸಿದ ಅಭ್ಯಾಸಪಾಠವಿದೆ. ಅಮೆರಿಕದಲ್ಲಿ ಲಮಾಣಿ ಭಾಷೆಯ ವ್ಯಾಕರಣವೊಂದು ೧೯೭೦ರಲ್ಲಿಯೇ ಅಚ್ಚಾಯಿತು. ಬಿ.ಎಡ್. ಅಭ್ಯರ್ಥಿಯು ತರಬೇತಿಯ ತಿಂಗಳುಗಳನ್ನು ಶಾಲೆಯಲ್ಲಿ ಕಳೆಯಬೇಕೆಂಬ ನಿಯಮವಿರುವುದಷ್ಟೆ. ತಾಂಡಾದಲ್ಲಿ ಒಂದು ವಾರ ಇದ್ದು ಅಲ್ಲಿಯ ಮಾತನ್ನು ಕೇಳಿ ಬರಬೇಕೆಂಬ ನಿಯಮ, ಬ್ಯಾಲಿಂಗಿಯರಿಯ ಬೇಸಗೆಯಂತಹುದು, ಇನ್ನೂ ಬಂದಿಲ್ಲ.

ಸವಳಂಗದ ಸೀಮೆಯ ಪ್ರೌಢಶಾಲೆಗಳಿಂದ ಪ್ರತಿವರ್ಷವೂ ಇಂತಹ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವರು. ಉಳಿದ ಭಾಷೆಗಳಿಗೆ ನೂರು ನೂರು ಅಂಕಗಳು. ಕನ್ನಡದ ಪ್ರಶ್ನೆಪತ್ರಿಕೆಯ ಮೇಲೆ ‘ಪ್ರಥಮ ಭಾಷೆ’ ಎಂದು ಬರೆದಿರುವುದು, ಅದಕ್ಕೆ ನೂರಿಪ್ಪತ್ತೈದು.